ಹುಸೇನಬಿಯ ಹೆಬ್ಬೆರಳು

ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಸೊಸೆ ಸೋನಾಲಿ, ಹುಸೇನಬಿಗೆ ಏಳು ಪಂದ್ಯಗಳ ಮಜೂರಿ ಕೊಡುವುದು ಇನ್ನೂ ಬಾಕಿ ಇದೆ. ಪಂದ್ಯಕ್ಕೆ ಎರಡೂವರೆ ಸಾವಿರ ಎಂದು ಮಾತಾಗಿತ್ತು. ಹುಸೇನಬಿ ಕೇಳಿಲ್ಲ, ಕೇಳುವುದೂ ಇಲ್ಲ. ಕೇಳಿದರೆ ಆ ದುಡ್ಡು ಯಾವ ಕೆಲಸದ್ದು ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ತಾನು ಆರು ವರ್ಷ ಮಾಡಿದ ಕೆಲಸ ನಿಜಕ್ಕೂ ಏನಾಗಿತ್ತು ಎಂಬುದು ಅವಳಿಗೇ ಕಳೆದ ನವೆಂಬರಿನ ತನಕ ಗೊತ್ತಿರಲಿಲ್ಲ.

ಕೆಲಸವೆಂದರೆ ಇಸ್ಪೀಟು ಆಡುವುದು. ನಗುವವರು ನಕ್ಕು ಮುಗಿಸಿರಿ, ಆಮೇಲೆ ಮುಂದೆ ಓದಿರಿ. ಇದು ಅಂದರ್ ಬಾಹರ್ ಅಲ್ಲ, ಪೊಲೀಸರು ಬಂದರೆ ಓಡುವ ಆಟವೂ ಅಲ್ಲ. ಬ್ರಿಜ್. ಊರೂರಿಗೆ ಸಂಘಗಳಿವೆ, ರಾಜ್ಯಕ್ಕೆ ತಂಡವಿದೆ, ದೇಶಕ್ಕೂ ತಂಡವಿದೆ. ಡಾಕ್ಟರು, ಜಡ್ಜು, ನಿವೃತ್ತ ಬ್ಯಾಂಕ್ ಮ್ಯಾನೇಜರು ಏಸಿ ಹಾಲಿನಲ್ಲಿ ಕೂತು ಆಡುತ್ತಾರೆ. ಅವರ ನಡುವೆ ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸೊಬ್ಬಳು ಹೋಗಿ ಕೂತಳು. ಕೂತು ಗೆದ್ದಳು. ಆಮೇಲೆ ಅವಳಿಗೆ ಏನಾಯಿತು ಎಂಬುದನ್ನು ಹೇಳಬೇಕಾಗಿದೆ.

ಹುಸೇನಬಿಗೆ ಈಗ ಐವತ್ತೆರಡು. ಒಂಬತ್ತನೇ ವರ್ಷಕ್ಕೆ ತೊಡೆಯ ಮೇಲೆ ಮೊರ ಬಂತು, ಇನ್ನೂ ಇಳಿದಿಲ್ಲ. ಎಲೆ ಕತ್ತರಿಸು, ತಂಬಾಕು ಉದುರಿಸು, ಸುರುಳಿ ಸುತ್ತು, ದಾರ ಕಟ್ಟು, ಬಾಯಿ ಮಡಚು. ದಿನಕ್ಕೆ ಸಾವಿರ. ಇಂಥ ಕೆಲಸ ನಲವತ್ತು ವರ್ಷ ಮಾಡಿದ ಬೆರಳಿಗೆ ರಜೆ ಎಂದರೇನು ಎಂದು ತಿಳಿಯುವುದಿಲ್ಲ. ಬಸ್ಸಿನಲ್ಲಿ ಕೂತರೂ, ಸತ್ತವರ ಮನೆಯಲ್ಲಿ ಕೂತರೂ ಅವಳ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಸುಮ್ಮನೆ ಸುತ್ತುತ್ತಿರುತ್ತದೆ. ನಿಪ್ಪಾಣಿಯಲ್ಲಿ ಇದನ್ನು ಯಾರೂ ನೋಡುವುದಿಲ್ಲ. ಅಲ್ಲಿ ಅರ್ಧ ಊರಿನ ಹೆಂಗಸರ ಬೆರಳು ಹಾಗೇ.

ಹದಿನೈದು ವರ್ಷದ ಹಿಂದೆ ಬೀಡಿ ಮಜೂರಿ ಏರಿಸಿರೆಂದು ಚಿಕ್ಕೋಡಿಯ ಪ್ರಾಂತಾಧಿಕಾರಿ ಕಚೇರಿಯ ಎದುರು ನಾವು ಬೀಡಿ ಯೂನಿಯನ್ನಿನವರು ಐವತ್ತಮೂರು ದಿನ ಧರಣಿ ಕೂತಿದ್ದೆವು. ಧರಣಿ ಎಂದರೆ ಎಲ್ಲರೂ ಘೋಷಣೆಯನ್ನಷ್ಟೇ ನೆನೆಯುತ್ತಾರೆ. ನಿಜ ಹೇಳಬೇಕೆಂದರೆ ಧರಣಿಯಲ್ಲಿ ಹೆಚ್ಚಿನ ಹೊತ್ತು ಬೇಸರವೇ. ಮೊದಲ ವಾರ ಘೋಷಣೆ, ಎರಡನೇ ವಾರ ಹಾಡು, ಮೂರನೇ ವಾರಕ್ಕೆ ಇಸ್ಪೀಟು. ಹೆಂಗಸರು ಪೆಂಡಾಲಿನ ಹಿಂದುಗಡೆ ಮೆಂಡಿಕೋಟ ಆಡುತ್ತಿದ್ದರು. ನಾಲ್ಕು ಜನ, ಎರಡು ಜೋಡಿ, ಹತ್ತುಗಳನ್ನು ಹೆಚ್ಚು ಗಳಿಸಿದ ಜೋಡಿ ಗೆದ್ದಂತೆ. ಹುಸೇನಬಿಯ ಜೊತೆಗಾತಿ ಶೇವಂತಾ, ತಂಬಾಕಿನ ವಖಾರಿಯಲ್ಲಿ ಚೀಲ ಹೊಲಿಯುವವಳು, ಬಾಯಿ ಬಹಳ ಜೋರು.

ಶೇಡಬಾಳದ ಭರಮು ವಕೀಲರು ಮಧ್ಯಾಹ್ನ ಕೋರ್ಟಿನಿಂದ ಹೊರಬಿದ್ದು ನಮ್ಮ ಪೆಂಡಾಲಿನ ನೆರಳಿಗೆ ಬರುತ್ತಿದ್ದರು. ಒಂದು ದಿನ ಆಟ ನೋಡುತ್ತ ನಿಂತವರು ಕೇಳಿದರು.

“ಶೇವಂತಾ, ಆವಾಗಿಂದ ಮೂಗ ಯಾಕ ತಿಕ್ಕೊಳ್ಳಾಕತ್ತೀ?”

“ನೆಗಡಿ ಆಗೈತ್ರಿ ಸಾಹೇಬ್ರ.”

“ಮೂಗಿನ್ಯಾಗ ಬದಾಮದ ರಾಣಿ ಸಿಕ್ಕೊಂಡಾಳೇನು?”

ಎಲ್ಲರೂ ನಕ್ಕರು. ಮೆಂಡಿಕೋಟದಲ್ಲಿ ಜೊತೆಗಾರನಿಗೆ ಕದ್ದು ಸನ್ನೆ ಮಾಡುವುದೇ ಅರ್ಧ ಆಟ. ಕಿವಿ ಮುಟ್ಟಿದರೆ ಇಸ್ಪೀಕ, ಮೂಗು ತಿಕ್ಕಿದರೆ ಬದಾಮ, ಅಂದರೆ ಕೆಂಪು ಹೃದಯದ ಎಲೆ. ಎದುರಿನವರಿಗೂ ಗೊತ್ತಿರುತ್ತದೆ, ಅವರೂ ಮಾಡುತ್ತಾರೆ. ವಕೀಲರು ಪೆಂಡಾಲಿನ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬ್ರಿಜ್ ಹೇಳಿಕೊಟ್ಟರು. ಹದಿಮೂರು ಹದಿಮೂರು ಎಲೆ. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಕೈ, ಅದು ದೊಡ್ಡ ಎಲೆಯವರದು. ನಾವು ಇಷ್ಟು ಕೈ ಎತ್ತುತ್ತೇವೆ ಎಂದು ಯಾವ ಜೋಡಿ ಹೆಚ್ಚಿನ ಮಾತು ಕೊಡುತ್ತದೋ ಅದು ಆ ಮಾತು ಉಳಿಸಿಕೊಳ್ಳಬೇಕು, ಇನ್ನೊಂದು ಜೋಡಿ ಅದನ್ನು ಮುರಿಯಬೇಕು. ಮುರಿಯುವಾಗ ನಿಮ್ಮ ಜೊತೆಗಾರನ ಕೈಯಲ್ಲಿ ಏನಿದೆಯೋ ನಿಮಗೆ ಕಾಣುವುದಿಲ್ಲ. ಅವನು ಇಳಿಸಿದ ಎಲೆ ನೋಡಿ ಊಹಿಸಬೇಕು. ಕಣ್ಣು, ಮೂಗು, ಕೆಮ್ಮು, ನಿಟ್ಟುಸಿರು ಯಾವುದೂ ನಡೆಯುವುದಿಲ್ಲ. ಸನ್ನೆ ಮಾಡಿ ಸಿಕ್ಕಿಬಿದ್ದರೆ ಆಟದಿಂದಲೇ ಹೊರಗೆ.

“ಹಂಗಾರ ಇದು ಆಟ ಅಲ್ಲ, ಕೋರ್ಟ ಆತಲ್ರಿ,” ಎಂದಳು ಶೇವಂತಾ.

ಹುಸೇನಬಿ ಹಿಡಿದುಕೊಂಡದ್ದು ಬೇರೊಂದು ಸಂಗತಿಯನ್ನು. ಪಂದ್ಯದ ಬ್ರಿಜ್‌ನಲ್ಲಿ ಒಂದು ಟೇಬಲಿಗೆ ಬಿದ್ದ ಎಲೆಗಳನ್ನೇ ಹಾಗೆಯೇ ಡಬ್ಬಿಯಲ್ಲಿಟ್ಟು ಎಲ್ಲ ಟೇಬಲ್ಲಿಗೂ ಕಳಿಸುತ್ತಾರೆ. ಕೆಟ್ಟ ಎಲೆ ಬಂತೆಂದು ಅಳುವ ಹಾಗಿಲ್ಲ, ಒಳ್ಳೆಯ ಎಲೆ ಬಂತೆಂದು ಮೆರೆಯುವ ಹಾಗಿಲ್ಲ. ಅದೇ ಎಲೆಯಲ್ಲಿ ಬೇರೆಯವರು ಏನು ಮಾಡಿದರು, ನೀನು ಏನು ಮಾಡಿದೆ, ಅಷ್ಟೇ ಲೆಕ್ಕ.

“ಅಂದ್ರ ಸಾಹುಕಾರ್ರಿಗೂ ನಮಗೂ ಒಂದ ಎಲಿ?” ಎಂದು ಎರಡು ಸಲ ಕೇಳಿದಳು.

“ಒಂದ ಎಲಿ.”

“ಇಂಥಾದ್ದ ಐತಿ ಅಂತ ಇಷ್ಟು ದಿನ ಯಾರೂ ಹೇಳಲೇ ಇಲ್ಲ ನೋಡ್ರಿ.”

ಧರಣಿ ಮುಗಿಯಿತು. ಮಜೂರಿ ಏರಿತೆಂದು ಕಾಗದ ಬಂತು, ಅದರಲ್ಲಿ ಅರ್ಧ ಮಾತ್ರ ಕೈಗೆ ಬಂತು. ಹುಸೇನಬಿಗೆ ಆಟ ಉಳಿಯಿತು. ಭಾನುವಾರ ವಕೀಲರ ಜೊತೆ ಚಿಕ್ಕೋಡಿ, ಅಥಣಿ, ರಾಯಬಾಗ ಎಂದು ವಕೀಲರ ಕ್ಲಬ್ಬುಗಳಿಗೆ ಹೋದಳು. ಮೊದಲ ಸಲ ಅಥಣಿಯಲ್ಲಿ ಒಬ್ಬರು ಅವಳ ಕೈಗೆ ಖಾಲಿ ಚಹಾ ಕಪ್ಪು ಕೊಟ್ಟು ತೊಳೆಯಲು ಹೇಳಿದರು. ತೊಳೆದು ತಂದಿಟ್ಟು, ಅವರೆದುರೇ ಕೂತು, ಸಂಜೆಯೊಳಗೆ ಅವರನ್ನು ಸೋಲಿಸಿ ಎದ್ದಳು. ಮೂರನೇ ವರ್ಷ ಸಾಂಗಲಿಯ ಪಂದ್ಯದಲ್ಲಿ ವಕೀಲರ ಜೊತೆ ಮೊದಲ ಬಹುಮಾನ. ಮರಾಠಿ ಪತ್ರಿಕೆಯೊಂದು ಅವಳ ಹೆಸರನ್ನು ತಪ್ಪಾಗಿ ಅಚ್ಚು ಹಾಕಿತು. ಗಂಡ ಮಲಿಕಸಾಬ ಆ ತುಣುಕು ಕತ್ತರಿಸಿ ಟೆಂಪೊದ ಗಾಜಿಗೆ ಅಂಟಿಸಿದ.

ಆಮೇಲೆ ವಕೀಲರ ಕಣ್ಣು ಹೋಯಿತು. ಎಲೆ ಕಾಣದಾಯಿತು. ಮಲಿಕಸಾಬನ ಬೆನ್ನು ಮುರಿದು ಟೆಂಪೊ ಮಾರಿದರು. ಆ ಹೊತ್ತಿಗೆ ಸೋನಾಲಿ ಬಂದಳು.

ಸೋನಾಲಿಯ ಮಾವನ ವಖಾರಿಯ ಹಿಂದಿನ ಚಾಳದ ಸಾಲುಮನೆಗಳಲ್ಲೇ ಹುಸೇನಬಿಯ ಬಾಡಿಗೆ ಖೋಲಿ. ಸೋನಾಲಿ ಕಲಿತವಳು, ಕಂಪ್ಯೂಟರಿನಲ್ಲಿ ಬ್ರಿಜ್ ಕಲಿತಿದ್ದಳು, ಪಂದ್ಯಕ್ಕೆ ಜೊತೆ ಬೇಕಾಗಿತ್ತು. ಬ್ರಿಜ್‌ನಲ್ಲಿ ಇದು ನಡೆಯುತ್ತದೆ. ಹಣವಿದ್ದವರು ಆಟ ಬಲ್ಲವರನ್ನು ಮಜೂರಿ ಕೊಟ್ಟು ಎದುರು ಕೂರಿಸಿಕೊಳ್ಳುತ್ತಾರೆ, ಅದರಲ್ಲಿ ಮುಚ್ಚುಮರೆ ಇಲ್ಲ. ಖೋಲಿಯ ಬಾಡಿಗೆ ಮಾಫು, ಪಂದ್ಯಕ್ಕೆ ಎರಡೂವರೆ ಸಾವಿರ. ಹುಸೇನಬಿ ಒಪ್ಪಿದಳು. ಒಪ್ಪದೆ ಏನು ಮಾಡುತ್ತಿದ್ದಳು?

ಆರು ವರ್ಷ. ಬೆಳಗಾವಿಯ ಮಹಿಳಾ ಜೋಡಿ ಪಂದ್ಯ ಎರಡು ಸಲ ಗೆದ್ದರು, ಕೊಲ್ಹಾಪುರದಲ್ಲಿ ಒಂದು ಸಲ, ಹುಬ್ಬಳ್ಳಿಯಲ್ಲಿ ಒಂದು ಸಲ. ಕಪ್ಪುಗಳೆಲ್ಲ ಸೋನಾಲಿಯ ದಿವಾಣಖಾನೆಯಲ್ಲಿ. ಹುಸೇನಬಿಗೆ ಅದರ ಬೇಜಾರಿರಲಿಲ್ಲ, ಖೋಲಿಯಲ್ಲಿ ಇಡಲು ಜಾಗವೂ ಇರಲಿಲ್ಲ. ಅವಳನ್ನು ಒಳಗೊಳಗೇ ಕಾಡುತ್ತಿದ್ದದ್ದು ಒಂದೇ. ಸೋನಾಲಿ ಮಾತು ಕೊಡುವಾಗ ತಪ್ಪುತ್ತಿದ್ದಳು, ಕೊಟ್ಟ ಮಾತು ಉಳಿಸಿಕೊಳ್ಳುವಾಗಲೂ ತಪ್ಪುತ್ತಿದ್ದಳು. ಎದುರಿನವರ ಮಾತು ಮುರಿಯುವಾಗ ಮಾತ್ರ ದೇಶದ ತಂಡದವಳಂತೆ ಆಡುತ್ತಿದ್ದಳು. ಹುಸೇನಬಿಗೆ ಯಾವ ಎಲೆ ಬೇಕೋ ಅದನ್ನೇ, ಬೇಕಾದ ಹೊತ್ತಿಗೇ ಇಳಿಸುತ್ತಿದ್ದಳು.

“ವೈನೀ, ಹೆಂಗ ಗೊತ್ತಾತ್ರಿ ನಿಮಗ?” ಎಂದು ಒಂದು ಸಲ ಕೇಳಿಯೇಬಿಟ್ಟಳು.

“ಒಳಗಿನ ಮನಸ್ಸು ಹೇಳ್ತದ, ಮಾವಶಿ,” ಎಂದು ನಕ್ಕಳು ಸೋನಾಲಿ.

ಕಳೆದ ವರ್ಷ ರಾಜ್ಯದ ಮಹಿಳಾ ತಂಡಕ್ಕೆ ಆಯ್ಕೆ ಪಂದ್ಯ ಬೆಳಗಾವಿಯಲ್ಲಿ ಎಂದು ಗೊತ್ತಾಯಿತು. ಹನ್ನೆರಡು ಜೋಡಿ ಆಡಬೇಕು, ಮೊದಲ ಮೂರು ಜೋಡಿ ತಂಡಕ್ಕೆ. ಹುಸೇನಬಿ ಶೇವಂತಾಳ ಜೊತೆ ಹೆಸರು ಕೊಟ್ಟಳು. ಶೇವಂತಾ ಹದಿನೈದು ವರ್ಷದಿಂದ ಬಿಡುವಿದ್ದಾಗಲೆಲ್ಲ ಅವಳ ಜೊತೆ ಆಡಿದವಳು. ದೊಡ್ಡ ಆಟಗಾರ್ತಿಯಲ್ಲ, ಆದರೆ ಕೈಯಲ್ಲಿಲ್ಲದ್ದನ್ನು ಇದೆ ಎನ್ನುವವಳಲ್ಲ. ಒಮ್ಮೆಯಾದರೂ ಯಾರ ಮಜೂರಿಯೂ ಇಲ್ಲದೆ ಆಡಬೇಕು, ತಂಡದ ಪಟ್ಟಿಯಲ್ಲಿ ಹೆಸರು ಬರಬೇಕು ಎಂಬುದಷ್ಟೇ ಹುಸೇನಬಿಯ ಆಸೆ.

ಸೋನಾಲಿ ಚಾಳಕ್ಕೆ ಬಂದು ಬಾಗಿಲಲ್ಲೇ ನಿಂತಳು.

“ಮಾವಶಿ, ನನ್ನ ಬಿಟ್ಟ ಹೋಗ್ತೀರೇನ್ರಿ?”

“ಈ ಒಂದ ಸಲ, ವೈನೀ.”

“ಹೋಗ್ರಿ, ನಾ ಯಾಕ ಬ್ಯಾಡ ಅನ್ಲಿ. ನಮ್ಮ ಮಾಂವನವ್ರು ಈ ಚಾಳ ಕೆಡವಿ ಗೋದಾಮ ಕಟ್ಸೂಣು ಅಂತಾರ. ಹುಸೇನಬಿ ಮಾವಶಿ ಇರೂ ತನಕ ಬ್ಯಾಡ್ರಿ ಅಂತ ನಾನ ತಡದೀನಿ. ಅಷ್ಟ ನೆನಪ ಇರ್ಲಿ.”

ಹುಸೇನಬಿ ಹೋದಳು.

ಎರಡು ದಿನದ ಪಂದ್ಯ. ಮೊದಲ ದಿನದ ಕೊನೆಗೆ ಹುಸೇನಬಿ ಮತ್ತು ಶೇವಂತಾ ಎರಡನೇ ಸ್ಥಾನ. ಎರಡನೇ ದಿನ ಬೆಳಿಗ್ಗೆ ಸೋನಾಲಿಯ ಟೇಬಲಿಗೆ ಬಂದರು. ಸೋನಾಲಿ ಕೊಲ್ಹಾಪುರದಿಂದ ಹೊಸ ಜೊತೆ ತಂದಿದ್ದಳು, ಹತ್ತನೇ ಸ್ಥಾನದಲ್ಲಿದ್ದಳು. ಎರಡು ಆಟ ಮುಗಿಯಿತು. ಮೂರನೆಯದರ ನಡುವೆ ಸೋನಾಲಿ ಕೈ ಎತ್ತಿ ಪಂದ್ಯದ ತೀರ್ಪು ಹೇಳುವ ಪಂಚರನ್ನು ಕರೆದಳು.

“ಇವ್ರ ಬಟ್ಟ ನೋಡ್ರಿ ಸರ್. ಹೆಬ್ಬಟ್ಟ. ಜೋಡೀದಾಕಿಗೆ ಖೂನಾ, ಸನ್ನಿ ಕೊಡಾಕತ್ತಾರ.”

ಪಂಚರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ನಾಲ್ಕು ಆಟ ನೋಡಿದರು, ಕಾಗದದ ಮೇಲೆ ಗೀಟು ಹಾಕಿದರು. ಅವರಿಗೆ ಕಂಡದ್ದು ಇದು. ಹುಸೇನಬಿ ಎಲೆ ಎಣಿಸುವುದು ತಲೆಯಲ್ಲಲ್ಲ, ಬೆರಳಲ್ಲಿ. ಬದಾಮದ ಒಂದು ಎಲೆ ಬಿತ್ತೆಂದರೆ ಹೆಬ್ಬೆರಳು ಒಂದು ಸುತ್ತು. ದೊಡ್ಡ ಎಲೆಗಳೆಲ್ಲ ಬಿದ್ದು, ಉಳಿದವುಗಳಲ್ಲಿ ತನ್ನದೇ ದೊಡ್ಡದು ಎಂದಾದಾಗ ಹೆಬ್ಬೆರಳು ಬೀಡಿಯ ಬಾಯಿ ಮಡಚಿದಂತೆ ಒಮ್ಮೆ ಒತ್ತುತ್ತದೆ. ನಾಲ್ಕು ಆಟದಲ್ಲಿ ಆರು ಸಲ ಒತ್ತಿತು. ಆರೂ ಸಲ ನಿಜ. ಎದುರು ಕೂತ ಜೊತೆಗಾತಿ ಇದನ್ನು ಓದಬಲ್ಲಳಾದರೆ ಊಹೆಯ ಕೆಲಸವೇ ಇಲ್ಲ.

ಪಂಚರು ಸೋನಾಲಿಯ ಕಡೆ ತಿರುಗಿದರು. “ಮೇಡಂ, ಪಕ್ಕಕ್ಕೇ ಕೂತರೂ ನನಗೆ ತಿಳಿಯಲು ಇಷ್ಟು ಹೊತ್ತು ಹಿಡಿಯಿತು. ನಿಮಗೆ ಹೇಗೆ ತಿಳಿಯಿತು?”

“ಆರು ವರ್ಷ ಎದುರಿಗೆ ಕುಂತೀನಲ್ರಿ,” ಎಂದಳು ಸೋನಾಲಿ. ಅಂದಮೇಲೆ ತುಟಿ ಕಚ್ಚಿದಳು.

ಹುಸೇನಬಿ ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದಳು. ಆರು ವರ್ಷ ಸೋನಾಲಿ ಓದಿದ್ದು ಆಟವನ್ನಲ್ಲ, ಈ ಬೆರಳನ್ನು. ಬೆಳಗಾವಿ, ಕೊಲ್ಹಾಪುರ, ಹುಬ್ಬಳ್ಳಿ, ಎಲ್ಲ ಕಪ್ಪುಗಳೂ ಕಳ್ಳತನದವು. ಕದ್ದವಳು ಸೋನಾಲಿ, ಕದಿಯಲು ಕೈ ಕೊಟ್ಟವಳು ತಾನು.

ಪಂಚರು ಕೆಟ್ಟವರಲ್ಲ. ಆಟ ನಿಲ್ಲಿಸಲಿಲ್ಲ. ಬೆರಳು ಆಡಿಸದೆ ಆಡಿ ಎಂದರು. ಕೈಯನ್ನು ಟೇಬಲಿನ ಕೆಳಗೆ ಇಡುತ್ತೇನೆ ಎಂದಳು ಹುಸೇನಬಿ. ಅದು ನಡೆಯದು, ಕೈ ಎಲ್ಲರಿಗೂ ಕಾಣುತ್ತಿರಬೇಕು. ಶೇವಂತಾ ತನ್ನ ಕರ್ಚೀಫಿನಿಂದ ಹೆಬ್ಬೆರಳನ್ನು ಅಂಗೈಗೆ ಬಿಗಿದು ಕಟ್ಟಿದಳು. ಹುಸೇನಬಿ ಉಳಿದ ನಾಲ್ಕು ಬೆರಳಿನಿಂದ ಎಲೆ ಇಳಿಸತೊಡಗಿದಳು. ಮೊದಲ ಆಟದಲ್ಲಿ ಹತ್ತು ಕೈ ಎತ್ತುವ ಮಾತು ಕೊಟ್ಟಿದ್ದಳು, ಬದಾಮ ಹುಕುಂ, ಅಂದರೆ ಸಣ್ಣ ಬದಾಮವೂ ಬೇರೆ ಬಣ್ಣದ ದೊಡ್ಡ ಎಲೆಯನ್ನು ಹೊಡೆಯುತ್ತದೆ. ಎಲೆ ನೋಡಿದರೆ ಹನ್ನೊಂದು ಕೈ ಬರುವ ಆಟ. ಹೊರಗೆ ಇನ್ನೂ ಒಂದು ಬದಾಮ ಉಳಿದಿದೆ ಎಂಬುದು ತಲೆಯಿಂದ ಹೋಯಿತು. ಒಳ್ಳೆಯದೊಂದು ಚೌಕಟ, ಅಂದರೆ ಡೈಮಂಡ್ ಎಲೆ ಇಳಿಸಿದಳು, ಸೋನಾಲಿಯ ಜೊತೆಗಾತಿ ಅದನ್ನು ಆ ಉಳಿದ ಸಣ್ಣ ಬದಾಮದಿಂದ ಹೊಡೆದಳು. ಅಲ್ಲಿಂದ ಎಲ್ಲ ಕುಸಿಯಿತು. ಮುಂದಿನ ಟೇಬಲು, ಅದರ ಮುಂದಿನ ಟೇಬಲು, ಎಲ್ಲ ಕಡೆಯೂ ಅದೇ. ಬೆರಳು ಕಟ್ಟಿದರೆ ಲೆಕ್ಕ ಹೋಗುತ್ತದೆ. ಬೆರಳು ಬಿಚ್ಚಿದರೆ ಕಳ್ಳಿಯಾಗುತ್ತಾಳೆ. ಸಂಜೆಗೆ ಏಳನೇ ಸ್ಥಾನ.

ಹೊರಗೆ ಬಸ್ಸಿಗೆ ಕಾಯುತ್ತ ಹುಸೇನಬಿ ಕೇಳಿದಳು. “ಶೇವಂತಾ, ಖರೇ ಹೇಳ. ನೀ ನನ್ನ ಬಟ್ಟ ನೋಡಿ ಆಡಿದೀಯೇನ?”

“ನೋಡಿದ್ರ ಹದಿನೈದು ವರ್ಷ ನಿನ್ನ ಕೂಡ ಕುಂತು ಇಷ್ಟು ಸೋಲ್ತಿದ್ನೇನ ಬೇ?” ಎಂದಳು ಶೇವಂತಾ. “ನಾನೂ ಬೀಡಿ ಕಟ್ಟಿದಾಕೀನ. ನಮ್ಮವ್ವನೂ ಹಂಗ ತಿರುವ್ತಿದ್ಲು. ಅದನ್ನ ಯಾರ ನೋಡ್ತಾರ?”

ಬ್ರಿಜ್ ಸಂಘ ವಿಚಾರಣೆ ಇಟ್ಟಿತು. ನಡೆದದ್ದನ್ನು ಬರೆದುಕೊಡಿ ಎಂದು ಹುಸೇನಬಿಗೆ ಹೇಳಿತು. ಅದಕ್ಕೂ ಮೊದಲೇ ಸೋನಾಲಿ ಟೈಪು ಮಾಡಿಸಿದ ಕಾಗದ ಹಿಡಿದು ಚಾಳಕ್ಕೆ ಬಂದಳು. ಈ ಸಲ ಒಳಗೆ ಬಂದು ಕೂತಳು. ಕಾಗದದಲ್ಲಿದ್ದದ್ದು ಇಷ್ಟು: ಆಯ್ಕೆ ಪಂದ್ಯದಲ್ಲಿ ಹುಸೇನಬಿಯೆಂಬ ತಾನು ಮತ್ತು ಶೇವಂತಾ ಬೆರಳಿನ ಸನ್ನೆ ಬಳಸಿದ್ದು ನಿಜ, ಹಿಂದಿನ ಯಾವ ಪಂದ್ಯದಲ್ಲೂ ಹಾಗಾಗಿಲ್ಲ.

“ಸಹಿ ಮಾಡ್ರಿ ಮಾವಶಿ. ಒಂದ ವರ್ಷ ಮನ್ಯಾಗ ಕುಂದ್ರತೀರಿ, ಆಮ್ಯಾಲ ಮತ್ತ ನಾವಿಬ್ರೂ ಆಡೂಣು. ಹಳೇ ಕಪ್ಪ ಉಳೀತಾವ. ಅದ್ರಾಗ ನಿಮ್ಮ ಹೆಸ್ರೂ ಐತೆಲ್ಲ. ಖೋಲೀದು ನಾ ನೋಡ್ಕೋತೀನಿ. ಹಿಂದಿನ ಬಾಕೀನೂ ತಂದೀನಿ.”

“ಮತ್ತ ಶೇವಂತಾ?”

“ಅಕೀದೇನು ದೊಡ್ಡ ಹೆಸ್ರ ಐತಿ ಕೆಡಾಕ?”

ಆ ಮಾತು ಬಾರದಿದ್ದರೆ ಹುಸೇನಬಿ ಏನು ಮಾಡುತ್ತಿದ್ದಳೋ ಹೇಳಲಾರೆ. ಸಹಿ ಹಾಕುತ್ತಿದ್ದಳೇನೋ. ಐವತ್ತೆರಡರ ವಯಸ್ಸು, ಬೆನ್ನು ಮುರಿದ ಗಂಡ, ತಲೆಯ ಮೇಲೆ ಅವರದೇ ತಗಡು. ಸಹಿ ಹಾಕಿದ್ದರೆ ಅವಳನ್ನು ಬೈಯುವ ಹಕ್ಕು ನಮ್ಮಲ್ಲಿ ಯಾರಿಗೂ ಇರುತ್ತಿರಲಿಲ್ಲ. ಆದರೆ ಶೇವಂತಾಳ ಹೆಸರಿನ ಆ ಕೊನೆಯ ಮಾತು ಅವಳಿಗೆ ನಾಟಿತು. ಕಾಗದವನ್ನು ಮಡಚಿ ಸೋನಾಲಿಯ ಪರ್ಸಿನ ಮೇಲೆ ಇಟ್ಟಳು.

“ವೈನೀ, ಚಹಾ ಕುಡೀತೀರೇನ್ರಿ?”

ಸೋನಾಲಿ ಎದ್ದು ಹೋದಳು. ದುಡ್ಡಿನ ಪಾಕೀಟೂ ಅವಳ ಜೊತೆಗೇ ಹೋಯಿತು.

ಮರುದಿನ ಹುಸೇನಬಿ ಶೇಡಬಾಳದ ಬಸ್ಸು ಹಿಡಿದಳು. ವಕೀಲರಿಗೆ ಈಗ ಬೆಳಕು ಮಾತ್ರ ಕಾಣುತ್ತದೆ. ಅವರ ಸೊಸೆ ಅನುಸೂಯಾ ಬರೆದಳು, ಹುಸೇನಬಿ ಹೇಳಿದಳು. ಆರು ವರ್ಷದ್ದು ಎಲ್ಲ. ಯಾವ ಊರು, ಯಾವ ಪಂದ್ಯ, ಸೋನಾಲಿ ಯಾವ ಯಾವ ಕೈಯಲ್ಲಿ ಆಗದ್ದನ್ನು ಆಡಿ ತೋರಿಸಿದ್ದಳು, ಎಲೆ ಎಲೆಯಾಗಿ. ಅವಳಿಗೆ ಎಲ್ಲ ನೆನಪಿತ್ತು, ಹೇಳುವಾಗ ಬೆರಳು ಸುತ್ತುತ್ತಿತ್ತು. ಶೇವಂತಾ ಏನೂ ಮಾಡಿಲ್ಲ ಎಂದು ಎರಡು ಸಲ ಬರೆಸಿದಳು.

“ಇದನ್ನ ಕೊಟ್ರ ನಿನ್ನ ಹೆಸರೂ ಅಳಿಸ್ತಾರವ್ವಾ,” ಎಂದರು ವಕೀಲರು. “ಸಾಂಗಲೀದೊಂದ ಉಳೀತೈತಿ.”

“ಅದೊಂದ ಉಳೀಲಿ ಬಿಡ್ರಿ. ಅದು ನಂದು.”

ಸಂಘದ ತೀರ್ಪು ಬಂತು. ಆರು ವರ್ಷದ ನಾಲ್ಕೂ ಗೆಲುವು ರದ್ದು. ಶೇವಂತಾಳ ಮೇಲೆ ತಪ್ಪಿಲ್ಲ. ಸೋನಾಲಿಗೆ ಒಂದು ವರ್ಷ ನಿಷೇಧ. ಹುಸೇನಬಿ ಬೇಕೆಂದು ಮಾಡಿದ್ದಲ್ಲ ಎಂದು ಒಪ್ಪಿದರು, ಆದ್ದರಿಂದ ನಿಷೇಧ ಹಾಕಲಿಲ್ಲ. “ಬೆರಳಿನ ಚಲನೆ ನಿಲ್ಲುವವರೆಗೆ ಪಂದ್ಯಗಳಿಗೆ ಪ್ರವೇಶವಿಲ್ಲ” ಎಂದು ಬರೆದರು. ತಪ್ಪು ಮಾಡಿದವಳ ಶಿಕ್ಷೆಗೆ ಕೊನೆಯ ತಾರೀಖು ಇದೆ. ತಪ್ಪು ಮಾಡದವಳ ಶಿಕ್ಷೆಗೆ ಇಲ್ಲ.

ಗೋದಾಮು ಕಟ್ಟುವ ನೋಟೀಸೂ ಬಂತು. ಈಗ ಗಂಡ ಹೆಂಡತಿ ಶೇವಂತಾಳ ಮನೆಯ ಪಡಸಾಲೆಯಲ್ಲಿದ್ದಾರೆ. “ಇಸ್ಪೀಟ ಆಡಿ ಮನೀ ಕಳಕೊಂಡ ಗಂಡಸರನ್ನ ಬಾಳ ಮಂದೀನ ಕಂಡೀನಿ,” ಎನ್ನುತ್ತಾನೆ ಮಲಿಕಸಾಬ. “ಖರೇ ಹೇಳಿ ಮನೀ ಕಳಕೊಂಡಾಕಿ ನೀ ಒಬ್ಬಾಕಿನ.”

ಡಾಕ್ಟರಿಗೆ ತೋರಿಸಿದರು. ನರಕ್ಕೆ ಏನೂ ಆಗಿಲ್ಲ, ಇದು ರೋಗವಲ್ಲ, ರೂಢಿ, ಇದಕ್ಕೆ ಗುಳಿಗೆ ಇಲ್ಲ ಎಂದರು. ಕೈಗವಸು ಹಾಕಿ ನೋಡಿದಳು, ಗವಸಿನೊಳಗೆ ಬೆರಳು ಸುತ್ತುವುದು ಹೊರಗೆ ಕಾಣುತ್ತದೆ. ಮೂರು ತಿಂಗಳು ದಿನಾ ಸಂಜೆ ಬೆರಳು ಕಟ್ಟಿಕೊಂಡು ಶೇವಂತಾಳ ಜೊತೆ ಆಡಿದಳು. ತಲೆಯಲ್ಲಿ ಎಣಿಸಲು ಕಲಿಯಬೇಕೆಂದು. ಇಪ್ಪತ್ತನೇ ಎಲೆಗೆ ಎಲ್ಲ ಕಲಸಿಹೋಗುತ್ತದೆ. ಬೀಡಿ ಕಟ್ಟುವುದು ಬಿಟ್ಟರೆ ಬೆರಳು ನಿಂತೀತೇನೋ ಎಂದರು ಸಂಘದವರೊಬ್ಬರು. ಬಿಟ್ಟರೆ ತಿನ್ನುವುದೇನನ್ನು ಎಂದು ಅವರು ಹೇಳಲಿಲ್ಲ.

ಇದಕ್ಕೆ ದಾರಿ ಇಲ್ಲವೇ? ಇದೆ, ಅದು ಎಲ್ಲ ಸಂಘದವರಿಗೂ ಗೊತ್ತಿದೆ. ದೇಶದ ದೊಡ್ಡ ಪಂದ್ಯಗಳಲ್ಲಿ ಟೇಬಲಿನ ಮೇಲೆ ಮೂಲೆಯಿಂದ ಮೂಲೆಗೆ ಮರದ ಪರದೆ ನಿಲ್ಲಿಸುತ್ತಾರೆ. ಜೊತೆಗಾರರಲ್ಲಿ ಒಬ್ಬರ ಮುಖ, ಒಬ್ಬರ ಕೈ ಇನ್ನೊಬ್ಬರಿಗೆ ಕಾಣುವುದಿಲ್ಲ. ಎಲೆ ಕಾಣಲು ಕೆಳಗೊಂದು ಕಿಂಡಿ ಇರುತ್ತದೆ. ಪರದೆಯ ಹಿಂದೆ ಹುಸೇನಬಿ ಬೀಡಿ ಕಟ್ಟಲಿ, ರೊಟ್ಟಿ ಬಡಿಯಲಿ, ಶೇವಂತಾಳಿಗೆ ಏನೂ ತಿಳಿಯುವುದಿಲ್ಲ. ವಕೀಲರು ಸಂಘಕ್ಕೆ ಮೂರು ಪತ್ರ ಬರೆಸಿದರು. ನಮ್ಮ ಮಟ್ಟದ ಪಂದ್ಯಗಳಿಗೆ ಪರದೆಯ ರೂಢಿ ಇಲ್ಲ ಎಂದು ಒಂದಕ್ಕೆ ಉತ್ತರ ಬಂತು. ಉಳಿದವಕ್ಕೆ ಅದೂ ಇಲ್ಲ. ಕಾಗವಾಡದ ಬಡಗಿ ಬೀರದೇವ ಒಂದು ದಿನದಲ್ಲಿ ಪ್ಲೈವುಡ್ಡಿನ ಪರದೆ ಮಾಡಿಕೊಟ್ಟ, ಸರಿಯಾದ ಅಳತೆ, ಕಿಂಡಿಗೆ ಜಾರುವ ಬಾಗಿಲು. ಅದು ವಕೀಲರ ಜಗುಲಿಯ ಗೋಡೆಗೆ ಒರಗಿ ನಿಂತಿದೆ.

ಇದನ್ನು ಓದುತ್ತಿರುವವರಲ್ಲಿ ಕ್ಲಬ್ಬಿನ ಸದಸ್ಯರಿದ್ದೀರಿ, ಸಂಘಕ್ಕೆ ಚಂದಾ ಕೊಡುವವರಿದ್ದೀರಿ, ಪಂದ್ಯ ನಡೆಸುವವರೂ ಇದ್ದೀರಿ. ಅಯ್ಯೋ ಪಾಪ ಎನ್ನಬೇಡಿ, ಅದರಿಂದ ಅವಳಿಗೆ ಏನೂ ಆಗಬೇಕಾಗಿಲ್ಲ. ಶೇಡಬಾಳಕ್ಕೆ ಬನ್ನಿ, ಪರದೆ ಎತ್ತಿಕೊಂಡು ಹೋಗಿ, ನಿಮ್ಮ ಮುಂದಿನ ಪಂದ್ಯದ ಟೇಬಲಿನ ಮೇಲೆ ನಿಲ್ಲಿಸಿ. ಹುಸೇನಬಿಗೂ ಶೇವಂತಾಳಿಗೂ ಕುರ್ಚಿ ಹಾಕಿ. ಆಮೇಲೆ ತಾಕತ್ತಿದ್ದರೆ ಎಲೆ ಆಡಿ ಅವಳನ್ನು ಸೋಲಿಸಿ. ಯಾವತ್ತು ಬರುತ್ತೀರಿ, ತಾರೀಖು ಹೇಳಿ.